ಒಬ್ಬರ ಹಾಡಿಗೆ ಹಿಮ್ಮೇಳ ಸಿಕ್ಕ ಕಥೆ

ಭಾಗ 1/11: ಲ್ಯಾಪ್‌ಟಾಪ್ ನಿಂತಾಗ

ಹೋದ ತಿಂಗಳು ಕಾಲೇಜ್ ಡೇಗೆ ನನಗೆ ಏನಾಯ್ತು ಅಂತ ನಮ್ಮ ಕ್ಲಾಸ್‌ನವರಿಗೆಲ್ಲ ಗೊತ್ತು. ಗೊತ್ತಿಲ್ಲದೇ ಇರೋರಿಗೆ ಹೇಳಿಬಿಡ್ತೀನಿ.

ನಾನು ಒಂದೂವರೆ ವರ್ಷ ಕೂತು ಮಾಡಿದ ಹಾಡು ಅದು. ಒಂಬತ್ತು ನಿಮಿಷ. ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ಮಾಡಿದ್ದು. ಗಿಟಾರ್ ಮತ್ತು ದನಿ ಮಾತ್ರ ನಂದು. ರೆಕಾರ್ಡ್ ಮಾಡ್ತಿದ್ದದ್ದು ರಾತ್ರಿ ಒಂಬತ್ತರ ಮೇಲೆ. ಬಂಡೀಪುರದ ಗೇಟ್ ಮುಚ್ಚಿದ ಮೇಲೆ ನಮ್ಮ ಮನೆ ಮುಂದಿನ ರೋಡಲ್ಲಿ ಲಾರಿ ಸದ್ದು ಕಮ್ಮಿ ಆಗುತ್ತೆ. ಗುಂಡ್ಲುಪೇಟೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2009ರಿಂದ ಇರೋ ಆ ರಾತ್ರಿ ಸಂಚಾರ ನಿಷೇಧ ಆನೆಗಳಿಗೆ ಎಷ್ಟು ಉಪಕಾರ ಮಾಡಿದೆಯೋ, ನನ್ನ ಮೈಕಿಗೂ ಅಷ್ಟೇ ಮಾಡಿದೆ.

ಸ್ಟೇಜ್ ಮೇಲೆ ನಾಲ್ಕನೇ ನಿಮಿಷಕ್ಕೆ ಲ್ಯಾಪ್‌ಟಾಪ್ ಹ್ಯಾಂಗ್ ಆಯ್ತು. ಡ್ರಮ್ಸ್ ನಿಂತುಹೋಯ್ತು, ಬೇಸ್ ನಿಂತುಹೋಯ್ತು. ಗಿಟಾರ್ ಹಿಡ್ಕೊಂಡು ನಿಂತಿದ್ದ ನನಗೆ ಮುಂದೆ ಏನು ಬಾರಿಸಬೇಕು ಅಂತಾನೇ ಹೊಳೀಲಿಲ್ಲ. ನನ್ನದೇ ಹಾಡು, ನನಗೇ ಬರ್ತಿರಲಿಲ್ಲ! ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದ್ರು. ನಾನು ಇಳಿದು ಬಂದೆ.

ಮಾರನೇ ದಿನ ಕ್ಯಾಂಟೀನ್‌ನಲ್ಲಿ ಮೂವರು ಕ್ಲಾಸ್‌ಮೇಟ್‌ಗಳು ಬಂದು ಕೂತ್ರು. ಒಬ್ಬ ಡ್ರಮ್ಸ್, ಒಬ್ಬಳು ಕೀಬೋರ್ಡ್, ಇನ್ನೊಬ್ಬ ಬೇಸ್ ಕಲೀತಾ ಇದ್ದಾನೆ. "ನಿನ್ನ ಹಾಡು ನಾವು ನುಡಿಸ್ತೀವಿ, ಬ್ಯಾಂಡ್ ಮಾಡೋಣ" ಅಂದ್ರು. ಖುಷಿ ಆಗಬೇಕಿತ್ತು. ನಿಜ ಹೇಳ್ತೀನಿ, ನನಗೆ ಆದದ್ದು ಭಯ. ಇವರು ನನ್ನ ಹಾಡನ್ನ ಕೆಡಿಸಿಬಿಟ್ರೆ?

ಉತ್ತರ ಕೊಡೋಕೆ ಒಂದು ವಾರ ಟೈಮ್ ಕೇಳಿದೆ. ಆ ವಾರದಲ್ಲಿ ಓದಿದ್ದು, ಕೇಳಿದ್ದು ಈ ಸರಣಿ. ಒಬ್ಬರೇ ಕೂತು ಕಟ್ಟಿದ ಹಾಡು ಬ್ಯಾಂಡ್ ಕೈಗೆ ಹೋದಾಗ ಏನಾಗುತ್ತೆ? ಹಿಂದೆ ಯಾರ ಯಾರಿಗೆ ಏನೇನಾಯ್ತು?

👉 ಸ್ವೈಪ್ ಮಾಡಿ.

ಭಾಗ 2/11: ಪ್ರೊಗ್ರೆಸಿವ್ ರಾಕ್ ಅಂದ್ರೆ?

ಮೊದಲು ಇದನ್ನ ಹೇಳಿಬಿಡ್ಬೇಕು. ಡಿಎಂನಲ್ಲಿ ಕೇಳೋರು ಜಾಸ್ತಿ.

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡ್‌ನ ಕೆಲವು ರಾಕ್ ಬ್ಯಾಂಡ್‌ಗಳಿಗೆ ಮೂರು ನಿಮಿಷದ ಹಾಡು ಸಾಕಾಗಲಿಲ್ಲ. ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಎಲ್ಲದರಿಂದಲೂ ತಂದು ಸೇರಿಸಿದ್ರು. 1969ರಲ್ಲಿ ಕಿಂಗ್ ಕ್ರಿಮ್ಸನ್ ಬ್ಯಾಂಡ್‌ನ ಮೊದಲ ಆಲ್ಬಂ ಬಂತು. 1971ರಲ್ಲಿ ಪಿಂಕ್ ಫ್ಲಾಯ್ಡ್‌ನ 'ಎಕೋಸ್' ಬಂತು, ಒಂದೇ ಹಾಡು ಸುಮಾರು 23 ನಿಮಿಷ. ಗ್ರಾಮಫೋನ್ ತಟ್ಟೆಯ ಒಂದು ಬದಿ ಪೂರ್ತಿ ಅದೇ. 1972ರಲ್ಲಿ ಯೆಸ್ ಬ್ಯಾಂಡ್‌ನ 'ಕ್ಲೋಸ್ ಟು ದಿ ಎಡ್ಜ್', ಅದೂ 18 ನಿಮಿಷದ ಮೇಲೆ.

ಉದ್ದ ಒಂದೇ ಅಲ್ಲ, ಲೆಕ್ಕವೂ ಬೇರೆ. ಸಾಮಾನ್ಯ ರಾಕ್ ಹಾಡನ್ನ ನಾಲ್ಕು ನಾಲ್ಕಾಗಿ ಎಣಿಸಬಹುದು. ಪ್ರೊಗ್ ಹಾಡು ಇದ್ದಕ್ಕಿದ್ದಂತೆ ಏಳಕ್ಕೆ ಹೋಗುತ್ತೆ, ಐದಕ್ಕೆ ಬರುತ್ತೆ. ಕರ್ನಾಟಕ ಸಂಗೀತ ಕಲಿತ ಹುಡುಗೀರಿಗೆ ಇದು ಹೊಸದಲ್ಲ. ಏಳರ ಎಣಿಕೆ ಮಿಶ್ರಛಾಪು, ಐದರದ್ದು ಖಂಡಛಾಪು. ಬೆಂಗಳೂರಿನ ಅಗಂ ಬ್ಯಾಂಡ್ ತಮ್ಮನ್ನ ಕರ್ನಾಟಿಕ್ ಪ್ರೊಗ್ರೆಸಿವ್ ರಾಕ್ ಅಂತ ಕರೆದುಕೊಳ್ಳೋದು ಸುಮ್ನೆ ಅಲ್ಲ. 2012ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದ್ರೆ ಎರಡು ಕಡೆಯ ಲೆಕ್ಕವೂ ಹೇಗೆ ಕೂಡಿಕೊಳ್ಳುತ್ತೆ ಅಂತ ಗೊತ್ತಾಗುತ್ತೆ.

ಇಂಥ ಸಂಗೀತ ಒಬ್ಬರೇ ಮಾಡೋದು ಸುಲಭ ಅಂತ ನನಗೆ ಅನಿಸಿತ್ತು. ಯಾಕಂದ್ರೆ ಜಗಳ ಇರಲ್ಲ. ಏಳರ ಎಣಿಕೆ ಮಷೀನಿಗೆ ಹಾಕಿದ್ರೆ ಅದು ಯಾವತ್ತೂ ತಪ್ಪಲ್ಲ, "ಇಷ್ಟುದ್ದ ಬೇಡ, ಬೋರ್" ಅಂತಾನೂ ಅನ್ನಲ್ಲ. ಆದ್ರೆ ಉದ್ದನೆ ಹಾಡು ನಮ್ಮ ಜಿಲ್ಲೆಗೆ ಇಂಗ್ಲೆಂಡಿನಿಂದ ಬಂದದ್ದಲ್ಲ. ನಮ್ಮಲ್ಲಿ ಅದು ಮೊದಲಿಂದಲೂ ಇದೆ. ನಮ್ಮೋರು ಅದನ್ನ ಒಬ್ಬರೇ ಹಾಡ್ತಿರಲಿಲ್ಲ.

ಭಾಗ 3/11: ಸೊಲ್ಲು

ಚಾಮರಾಜನಗರ ಜಿಲ್ಲೆಯಲ್ಲಿ ಎರಡು ದೊಡ್ಡ ಕಾವ್ಯ ಇವೆ, ಎರಡೂ ಬಾಯಲ್ಲೇ ಬೆಳೆದಂಥವು. ಮಲೆ ಮಹದೇಶ್ವರನ ಕಾವ್ಯವನ್ನ ದೇವರಗುಡ್ಡರು ಕಂಸಾಳೆ ಹಿಡಿದು ಹಾಡ್ತಾರೆ. ಮಂಟೇಸ್ವಾಮಿ ಕಾವ್ಯವನ್ನ ನೀಲಗಾರರು ತಂಬೂರಿ ಹಿಡಿದು ಹಾಡ್ತಾರೆ. ಹಾಡೋಕೆ ಕೂತ್ರೆ ಒಂದು ರಾತ್ರಿ ಸಾಲಲ್ಲ. 'ಎಕೋಸ್'ನ 23 ನಿಮಿಷ ಇವರಿಗೆ ದೇವರ ಹೆಸರು ಹೇಳಿ ಶುರು ಮಾಡೋಕೇ ಬೇಕು!

ಚಿಕ್ಕಲ್ಲೂರು ಜಾತ್ರೆಗೆ ಹೋದೋರು ನೋಡಿರ್ತೀರಿ. ಮುಂದೆ ಒಬ್ಬರು ಮುಖ್ಯ ಗಾಯಕರು, ಕೈಯಲ್ಲಿ ತಂಬೂರಿ. ಪಕ್ಕದಲ್ಲಿ ಹಿಮ್ಮೇಳದವರು. ದಮ್ಮಡಿ, ಗಗ್ಗರ, ತಾಳ. ಮುಂದಿನವರು ಕಥೆಯ ಒಂದು ಸಾಲು ಎತ್ತುತ್ತಾರೆ, ಹಿಮ್ಮೇಳದವರು ಪಲ್ಲವಿ ಹಾಡ್ತಾರೆ. ಈ ಪಲ್ಲವಿಗೆ 'ಸೊಲ್ಲು' ಅಂತಾರೆ. ಮತ್ತೊಂದು ಸಾಲು, ಮತ್ತೆ ಸೊಲ್ಲು. ಕಥೆ ಎಷ್ಟೇ ದೂರ ಹೋದ್ರೂ ಸೊಲ್ಲು ಅದನ್ನ ವಾಪಸ್ ಹಟ್ಟಿಗೆ ಕರ್ಕೊಂಡು ಬರುತ್ತೆ.

ನಾನು ಚಿಕ್ಕವರಿದ್ದಾಗ ಇದನ್ನ 'ಕೋರಸ್' ಅಂತ ಅಂದುಕೊಂಡಿದ್ದೆ, ಸುಮ್ನೆ ಅಲಂಕಾರ ಅಂತ. ಲ್ಯಾಪ್‌ಟಾಪ್ ಕಥೆ ಆದ ವಾರ ನಮ್ಮ ತಾತನ ಹತ್ರ ಕೇಳಿದೆ, "ಅವರು ಯಾಕೆ ಅದನ್ನೇ ಅದನ್ನೇ ಹಾಡ್ತಾರೆ?" ಅಂತ. ತಾತ ಎಲೆಅಡಿಕೆ ಹಾಕ್ಕೊಂಡು ಹೇಳಿದ್ದು ಇಷ್ಟೇ: "ಒಬ್ನೇ ಆಡ್ತಾ ಇದ್ರ ಉಸುರು ನಿಂತೋಯ್ತದ ಕನ್ ಮಗ. ಇಂದ್ಗಡ ಸೊಲ್ಲು ಕೊಡೋರು ಇದ್ರ, ಅಷ್ಟೊತ್ಗ ಮುಂದ್ಲ ಮಾತು ಗ್ಯಾನಕ್ಕ ಬತ್ತದ."

ಅಷ್ಟೇ! ಸೊಲ್ಲು ಹಾಡುವಷ್ಟು ಹೊತ್ತಿನಲ್ಲಿ ಮುಂದಿನವರಿಗೆ ಉಸಿರು ಸಿಗುತ್ತೆ, ಮುಂದಿನ ಸಾಲು ನೆನಪಿಗೆ ಬರುತ್ತೆ, ಕೇಳೋರ ಮುಖ ನೋಡಿ ಕಥೆ ಹಿಗ್ಗಿಸಬೇಕಾ ಕುಗ್ಗಿಸಬೇಕಾ ಅಂತ ತೀರ್ಮಾನ ಮಾಡೋಕೆ ಟೈಮ್ ಸಿಗುತ್ತೆ. ಹಿಮ್ಮೇಳ ಇರೋದ್ರಿಂದಲೇ ಹಾಡು ಅಷ್ಟುದ್ದ ಆಗೋಕೆ ಆಗುತ್ತೆ. ನನ್ನ ನಾಲ್ಕನೇ ನಿಮಿಷದಲ್ಲಿ ನನಗೆ ಇರಲಿಲ್ಲದ್ದು ಇದೇ.

ಈಗ ಮೈಸೂರಿಗೆ ಹೋಗೋಣ. ಒಂದೂವರೆ ಗಂಟೆ ಬಸ್ಸು.

ಭಾಗ 4/11: ಮೈಸೂರಿನ ಮೈಕ್ರೋಬಯಾಲಜಿ ಹುಡುಗ

ನಮ್ಮ ಕಡೆಯಿಂದ ಹೊರಟು, ಒಬ್ಬರ ಹೆಸರಿನ ಪ್ರಾಜೆಕ್ಟ್ ಬ್ಯಾಂಡ್ ಆಗಿ ಬೆಳೆದದ್ದು ಅಂದ್ರೆ ರಘು ದೀಕ್ಷಿತ್ ಅವರದ್ದು. ಅವರದ್ದು ಪ್ರೊಗ್ ಅಲ್ಲ, ಜಾನಪದದ ಮೇಲೆ ಕಟ್ಟಿದ ರಾಕ್. ಆದ್ರೆ ನನ್ನ ಪ್ರಶ್ನೆಗೆ ಹತ್ತಿರದ ಉತ್ತರ ಅಲ್ಲೇ ಸಿಕ್ಕಿದ್ದು.

1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿದ್ದು, ಬೆಳೆದದ್ದು ಮೈಸೂರಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಮೈಕ್ರೋಬಯಾಲಜಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚಿನ್ನದ ಪದಕ. ಮನೆಯಲ್ಲಿ ಗಿಟಾರ್ ಅಂದ್ರೆ ಆಗ್ತಿರಲಿಲ್ಲ. ಕಾಲೇಜಲ್ಲಿ ಒಬ್ಬ ಸಹಪಾಠಿ ಭರತನಾಟ್ಯ ಮಾಡ್ತಾನೆ ಅಂತ ರೇಗಿಸಿದ, ಅದಕ್ಕೆ ಪಂದ್ಯ ಕಟ್ಟಿ ಗಿಟಾರ್ ಕಲಿತೆ ಅಂತ ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಅಂತ ಒಂದು ಬ್ಯಾಂಡ್ ಶುರುವಾಯ್ತು. ಪಿಟೀಲಿಗೆ ಎಚ್.ಎನ್. ಭಾಸ್ಕರ್. ಗಿಟಾರ್ ಜೊತೆ ಪಿಟೀಲು, ಕನ್ನಡದ ಪದಗಳು. ಆಗಿನ್ನೂ ಬೆಂಗಳೂರಿನ ರಾಕ್ ವೇದಿಕೆಗಳಲ್ಲಿ ಇಂಗ್ಲಿಷ್ ಕವರ್ ಹಾಡುಗಳದ್ದೇ ಕಾರುಬಾರು. ಅಂಥ ಕಡೆ ಶಿಶುನಾಳ ಷರೀಫರ ತತ್ವಪದ ಹಾಡೋಕೆ ಧೈರ್ಯ ಬೇಕಿತ್ತು.

ನೀವು ಗಮನಿಸಿ, ಇವರ ಕಥೆ ನನ್ನ ಕಥೆಯ ಉಲ್ಟಾ. ನಾನು ಒಬ್ಬರೇ ಇದ್ದು ಬ್ಯಾಂಡ್ ಬೇಡ ಅಂತಿದ್ದೆ. ಇವರು ಬ್ಯಾಂಡ್‌ನಿಂದಲೇ ಶುರು ಮಾಡಿದವರು, ಆಮೇಲೆ ಒಂಟಿ ಆದವರು. ಹಗಲು ವಿಜ್ಞಾನಿ ಕೆಲಸ, ಮಿಕ್ಕ ಹೊತ್ತು ಸಂಗೀತ. ಆಮೇಲೆ ಕೆಲಸ ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿದ್ರು. 2005ರ ಹೊತ್ತಿಗೆ ಅಂತರಾಗ್ನಿ ಒಡೆದುಹೋಯ್ತು. ಹಾಡುಗಳು ಉಳಿದವು, ನುಡಿಸೋರು ಉಳೀಲಿಲ್ಲ.

ಕೆಲಸ ಬಿಟ್ಟಾಗಿದೆ, ಬ್ಯಾಂಡ್ ಹೋಗಿದೆ. ಅಂಥ ಹೊತ್ತಲ್ಲಿ ಏನು ಮಾಡ್ತೀರಿ?

ಭಾಗ 5/11: 'ಪ್ರಾಜೆಕ್ಟ್' ಅನ್ನೋ ಬುದ್ಧಿವಂತಿಕೆ

ಅವರು ಮತ್ತೆ 'ಬ್ಯಾಂಡ್' ಅಂತ ಹೆಸರಿಡಲಿಲ್ಲ. 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಅಂದ್ರು.

ಆ 'ಪ್ರಾಜೆಕ್ಟ್' ಪದದಲ್ಲಿ ಒಂದು ಉಪಾಯ ಇದೆ. ಬ್ಯಾಂಡ್ ಅಂದ್ರೆ ಇಂಥಿಂಥ ನಾಲ್ಕೈದು ಜನ, ಒಬ್ಬ ಹೋದ್ರೆ ನಿಂತುಹೋಗುತ್ತೆ. ಪ್ರಾಜೆಕ್ಟ್ ಅಂದ್ರೆ ತೆರೆದ ಬಾಗಿಲು. ಯಾರು ಬೇಕಾದ್ರೂ ಬಂದು ನುಡಿಸಬಹುದು, ಯಾರು ಬೇಕಾದ್ರೂ ಹೋಗಬಹುದು. ಹಾಡು ಮಾತ್ರ ಅಲ್ಲೇ ಇರುತ್ತೆ. ಬೇರೆ ಬೇರೆ ಕಲಾವಿದರು ಬಂದು ಸೇರೋ ಜಾಗ ಅಂತಾನೇ ಅವರು ಅದನ್ನ ಶುರು ಮಾಡಿದ್ದು. ಒಡೆದುಹೋದ ಬ್ಯಾಂಡಿನ ನೋವಿನಿಂದ ಕಲಿತ ಪಾಠ ಅನ್ಸುತ್ತೆ ನಂಗೆ.

ಆದ್ರೆ ರೆಕಾರ್ಡ್ ಕಂಪನಿಗಳು ಬಹಳ ವರ್ಷ ಬೇಡ ಅಂದವು. ಕನ್ನಡ, ಹಿಂದಿ, ಇಂಗ್ಲಿಷ್ ಒಂದೇ ಆಲ್ಬಂನಲ್ಲಿ ಇದ್ರೆ ಅಂಗಡೀಲಿ ಅದನ್ನ ಯಾವ ಶೆಲ್ಫಿಗೆ ಇಡೋದು? ಆಗೆಲ್ಲ ಸಿಡಿ ಕಾಲ, ನೆನಪಿರಲಿ. ಶೆಲ್ಫ್ ಸಿಗದಿದ್ರೆ ಹಾಡೂ ಸಿಗ್ತಿರಲಿಲ್ಲ. ಈಗಿನ ಹಾಗೆ ನೀವೇ ಅಪ್‌ಲೋಡ್ ಮಾಡಿ ರಾತ್ರಿಯೆಲ್ಲ ವ್ಯೂಸ್ ನೋಡ್ಕೊಂಡು ಕೂರೋ ಹಾಗಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ವೇದಿಕೆ. ಮುಂಬೈನ ಒಂದು ಕಾರ್ಯಕ್ರಮದಲ್ಲಿ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಇವರ ಹಾಡು ಕೇಳಿದ್ರು. ತಾವೇ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಅನ್ನೋ ಲೇಬಲ್‌ನಿಂದ 2008ರಲ್ಲಿ ಆಲ್ಬಂ ಹೊರಗೆ ತಂದ್ರು. ಎಂಟು ಹಾಡು. ಆಲ್ಬಂ ಹೆಸರಲ್ಲಿ ಹಳೇ 'ಅಂತರಾಗ್ನಿ' ಹಾಗೇ ಉಳೀತು. ಷರೀಫರ 'ಗುಡುಗುಡಿಯ ಸೇದಿ ನೋಡೋ' ಹಿಂದಿ ಹಾಡುಗಳ ನಡುವೆ ಕೂತ್ಕೊಂಡು ದೇಶ ಸುತ್ತೋಕೆ ಹೊರಟಿತು.

ಇಲ್ಲಿ ನಾನು ಗುರುತು ಹಾಕ್ಕೊಂಡ ಮಾತು: ಬಾಗಿಲು ತೆಗೆದದ್ದು ವೇದಿಕೆ ಮೇಲೆ ಹತ್ತಾರು ಸಲ ಹಾಡಿ ಗಟ್ಟಿಯಾದ ಹಾಡು.

ಭಾಗ 6/11: ಪಂಚೆ, ಗೆಜ್ಜೆ, ಮಹದೇಶ್ವರ

2008 ನಮ್ಮ ಜಿಲ್ಲೆಗೂ ಮುಖ್ಯವಾದ ವರ್ಷ. ಅದೇ ವರ್ಷ ಬಂದ 'ಸೈಕೋ' ಸಿನಿಮಾಕ್ಕೆ ಸಂಗೀತ ರಘು ದೀಕ್ಷಿತ್ ಅವರದ್ದೇ. ಅದರಲ್ಲಿನ ಮಹದೇಶ್ವರನ ಹಾಡು ನಮ್ಮ ಕಡೆ ಎಲ್ಲಿ ಕೇಳಿಲ್ಲ ಹೇಳಿ! ಆಟೋದಲ್ಲಿ, ಜಾತ್ರೇಲಿ, ಆರ್ಕೆಸ್ಟ್ರಾದಲ್ಲಿ. ಸಿನಿಮಾ ನೋಡದೇ ಇರೋರಿಗೂ ಆ ಹಾಡು ಗೊತ್ತು. ಏಳುಮಲೆಯ ಮಾದಪ್ಪ ರಾಕ್ ಗಿಟಾರ್ ಜೊತೆ ಬಂದಾಗ ಇಲ್ಲಿ ಯಾರೂ "ಇದೇನು ಅಪಚಾರ" ಅನ್ನಲಿಲ್ಲ, ಕುಣಿದ್ರು.

ಅಷ್ಟು ಹೊತ್ತಿಗೆ 'ತೆರೆದ ಬಾಗಿಲ' ಪ್ರಾಜೆಕ್ಟ್ ನಿಧಾನಕ್ಕೆ ಗಟ್ಟಿ ಬ್ಯಾಂಡ್ ಆಗ್ತಿತ್ತು. ಬೇಸ್ ಗಿಟಾರ್‌ಗೆ ಗೌರವ್ ವಾಝ್ ಬಂದ್ರು, ಬ್ಯಾಂಡಿನ ವ್ಯವಹಾರವನ್ನೂ ಅವರೇ ನೋಡ್ಕೊಂಡ್ರು. ಇದು ಸಣ್ಣ ವಿಷಯ ಅಲ್ಲ. ಒಬ್ಬರೇ ಹಾಡು ಬರೆದು, ಹಾಡಿ, ಫೋನ್ ಮಾಡಿ, ಬಸ್ ಟಿಕೆಟ್ ಮಾಡಿಸಿ, ಸೌಂಡ್‌ನವರ ಹತ್ರ ಜಗಳ ಆಡೋಕೆ ಆಗಲ್ಲ. ಹಿಮ್ಮೇಳ ಅಂದ್ರೆ ವಾದ್ಯ ಮಾತ್ರ ಅಲ್ಲ.

ವೇದಿಕೆ ಮೇಲೆ ಬಣ್ಣಬಣ್ಣದ ಪಂಚೆ, ಕಾಲಿಗೆ ಗೆಜ್ಜೆ. ಭರತನಾಟ್ಯ ಕಲಿತ ಕಾಲು ಅದು, ಸುಮ್ನೆ ನಿಲ್ಲಲ್ಲ. ಕಾಲೇಜಲ್ಲಿ ಯಾವುದಕ್ಕೆ ನಕ್ಕಿದ್ರೋ ಅದೇ ಆಮೇಲೆ ಅವರ ಗುರುತಾಯ್ತು.

2010ರ ನವೆಂಬರ್‌ನಲ್ಲಿ ಬಿಬಿಸಿಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮಕ್ಕೆ ಕರೆ ಬಂತು. 2011ರಲ್ಲಿ ಬ್ರಿಟನ್‌ನ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರಿಗೆ ಕೊಡೋ ಪ್ರಶಸ್ತಿ ಬಂತು. 2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ'. ಹೆಸರು ಒಬ್ಬರದ್ದೇ, ನಿಜ. ಆದ್ರೆ ಅಲ್ಲಿ ಕೇಳಿದ ಜನಕ್ಕೆ ಕನ್ನಡ ಬರ್ತಿರಲಿಲ್ಲ. ಅವರ ಕಾಲು ಕುಣಿಸಿದ್ದು ಡ್ರಮ್ಸ್, ಬೇಸ್, ಪಿಟೀಲು.

ಹಾಗಾದ್ರೆ ಪಕ್ಕಾ ಪ್ರೊಗ್ರೆಸಿವ್ ರಾಕ್‌ನಲ್ಲಿ, ನನ್ನ ಹಾಗೆ ರೂಮಲ್ಲಿ ಒಬ್ಬರೇ ಕೂತು ಶುರು ಮಾಡಿದವರು ಇಲ್ವಾ? ಇದ್ದಾರೆ. ಅದಕ್ಕೆ ಇಂಗ್ಲೆಂಡಿಗೇ ಹೋಗಬೇಕು.

ಭಾಗ 7/11: ಇಲ್ಲದ ಬ್ಯಾಂಡಿನ ಸುಳ್ಳು ಚರಿತ್ರೆ

ಲಂಡನ್ ಪಕ್ಕ ಹೆಮೆಲ್ ಹೆಂಪ್‌ಸ್ಟೆಡ್ ಅಂತ ಒಂದು ಊರು. ಅಲ್ಲಿ ಬೆಳೆದ ಹುಡುಗ ಸ್ಟೀವನ್ ವಿಲ್ಸನ್, ಹುಟ್ಟಿದ್ದು 1967ರಲ್ಲಿ. ಅಪ್ಪ ಎಲೆಕ್ಟ್ರಿಕಲ್ ಎಂಜಿನಿಯರ್. ಮಗನಿಗೆ ಸಂಗೀತದ ಹುಚ್ಚು ಅಂತ ಗೊತ್ತಾದಾಗ ಅಪ್ಪ ತಾನೇ ಒಂದು ಮಲ್ಟಿಟ್ರ್ಯಾಕ್ ಟೇಪ್ ಮಷೀನ್ ಮಾಡಿಕೊಟ್ಟ. ಒಂದರ ಮೇಲೊಂದು ಪದರ ರೆಕಾರ್ಡ್ ಮಾಡೋ ಮಷೀನ್ ಅದು. ಈಗ ನಮ್ಮ ಫೋನಲ್ಲಿ ಫ್ರೀ ಆ್ಯಪ್ ಮಾಡೋ ಕೆಲಸಕ್ಕೆ ಆಗ ಅಪ್ಪ ಸೋಲ್ಡರಿಂಗ್ ಮಾಡ್ಬೇಕಿತ್ತು.

1987ರಲ್ಲಿ ವಿಲ್ಸನ್ ತನ್ನ ಗೆಳೆಯ ಮಾಲ್ಕಮ್ ಸ್ಟಾಕ್ಸ್ ಜೊತೆ ಸೇರಿ ಒಂದು ತಮಾಷೆ ಮಾಡಿದ. 1970ರ ದಶಕದಲ್ಲಿ ಒಂದು ಮಹಾನ್ ಬ್ಯಾಂಡ್ ಇತ್ತು, ಹೆಸರು ಪೋರ್ಕುಪೈನ್ ಟ್ರೀ, ಅಂದ್ರೆ ಮುಳ್ಳುಹಂದಿ ಮರ. ಅವರು ಇಷ್ಟು ಆಲ್ಬಂ ಮಾಡಿದ್ರು, ಜೈಲಿಗೂ ಹೋಗಿ ಬಂದ್ರು, ಸದಸ್ಯರ ಹೆಸರು ಹೀಗೆ ಹೀಗೆ. ಎಲ್ಲ ಬರೀ ಸುಳ್ಳು. ಅಂಥ ಬ್ಯಾಂಡ್ ಇರಲೇ ಇಲ್ಲ.

ಸುಳ್ಳಿಗೆ ಸಾಕ್ಷಿ ಬೇಕಲ್ಲ? ಅದಕ್ಕೆ ವಿಲ್ಸನ್ ಆ ಬ್ಯಾಂಡಿನ ಸಂಗೀತವನ್ನೂ ತಾನೇ ಕೂತು ಮಾಡೋಕೆ ಶುರು ಮಾಡಿದ. ಗಿಟಾರ್ ತಾನೇ, ಕೀಬೋರ್ಡ್ ತಾನೇ, ಬೇಸ್ ತಾನೇ, ಡ್ರಮ್ಸ್‌ಗೆ ಮಷೀನ್.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಯಾಕಂದ್ರೆ ನನ್ನ ಅಪ್‌ಲೋಡ್‌ಗಳ ಕೆಳಗೂ ನಾನು 'ಬೇಸ್: ಮಿಸ್ಟರ್ ಗೋಪಾಲ್, ಡ್ರಮ್ಸ್: ಹಂಗಳದ ಹುಲಿ' ಅಂತೆಲ್ಲ ಬರೀತಿದ್ದೆ. ತಮಾಷೆಗೆ ಅಂತ ಹೇಳ್ಕೊಳ್ತಿದ್ದೆ. ನಿಜಕ್ಕೂ ಯಾಕೆ ಬರೀತಿದ್ದೆ? ಒಬ್ಬರೇ ಇದ್ದೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆ, ಅದಕ್ಕೇ. ಒಂಟಿಯಾಗಿ ಕೂತು ಹಾಡು ಮಾಡೋನು ಕೂಡ ಮನಸ್ಸಲ್ಲಿ ಒಂದು ಹಿಮ್ಮೇಳ ಕಟ್ಕೊಂಡೇ ಕೂತಿರ್ತಾನೆ.

ಭಾಗ 8/11: ಕ್ಯಾಸೆಟ್ಟಿನಿಂದ ಸಿಡಿಗೆ

1989ರಲ್ಲಿ ವಿಲ್ಸನ್ ಆ ತಮಾಷೆ ಸಂಗೀತದಲ್ಲಿ ಚೆನ್ನಾಗಿದ್ದದ್ದನ್ನ ಆರಿಸಿ 80 ನಿಮಿಷದ ಕ್ಯಾಸೆಟ್ ಮಾಡಿದ. 'ಟಾರ್ಕ್ವಿನ್ಸ್ ಸೀವೀಡ್ ಫಾರ್ಮ್' ಅಂತ ಹೆಸರು. ಒಳಗಿನ ಚೀಟೀಲಿ ಮತ್ತೆ ಅದೇ ಸುಳ್ಳು ಬ್ಯಾಂಡ್, ಸುಳ್ಳು ಹೆಸರು. ಅದನ್ನ ಸಂಗೀತ ಬಲ್ಲ ಕೆಲವರಿಗೆ ಕಳಿಸಿದ. ದಿ ಬೆವಿಸ್ ಫ್ರಾಂಡ್ ಹೆಸರಲ್ಲಿ ಹಾಡ್ತಿದ್ದ ನಿಕ್ ಸಾಲೋಮನ್‌ಗೂ ಒಂದು ಹೋಯ್ತು. ಅವರು ಅದನ್ನ ರಿಚರ್ಡ್ ಅಲೆನ್ ಅನ್ನೋ ಪತ್ರಿಕೆಯವರಿಗೆ ಹೇಳಿದ್ರು. ಅಲೆನ್ ಡಿಲೀರಿಯಂ ಅನ್ನೋ ಸಣ್ಣ ಲೇಬಲ್ ಕಟ್ಟಿದಾಗ ವಿಲ್ಸನ್‌ನ ಕರೆದ್ರು.

1991ರಲ್ಲಿ ಇನ್ನೊಂದು ಕ್ಯಾಸೆಟ್. 1992ರಲ್ಲಿ ಎರಡೂ ಕ್ಯಾಸೆಟ್‌ಗಳಿಂದ ಆರಿಸಿದ ಹಾಡುಗಳು 'ಆನ್ ದಿ ಸಂಡೇ ಆಫ್ ಲೈಫ್' ಅನ್ನೋ ಆಲ್ಬಂ ಆಗಿ ಬಂದವು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಅದೇ ವರ್ಷ 'ವಾಯೇಜ್ 34' ಅನ್ನೋ ಸಿಂಗಲ್. ಸಿಂಗಲ್ ಅಂದ್ರೆ ಮೂರು ನಿಮಿಷ ಅನ್ಕೋಬೇಡಿ, ಸುಮಾರು 30 ನಿಮಿಷ! 1993ರಲ್ಲಿ 'ಅಪ್ ದಿ ಡೌನ್‌ಸ್ಟೇರ್'.

ಈ ಕೊನೇ ಆಲ್ಬಂನಲ್ಲಿ ಒಂದು ಸಣ್ಣ ಬದಲಾವಣೆ ಇದೆ. ವಿಲ್ಸನ್ ಇಬ್ಬರು ಅತಿಥಿಗಳನ್ನ ಕರೆದಿದ್ದಾರೆ. ಬೇಸ್‌ಗೆ ಕಾಲಿನ್ ಎಡ್ವಿನ್. ಕೀಬೋರ್ಡ್‌ಗೆ ರಿಚರ್ಡ್ ಬಾರ್ಬಿಯೇರಿ, ಜಪಾನ್ ಅನ್ನೋ ಹೆಸರಾದ ಬ್ರಿಟಿಷ್ ಬ್ಯಾಂಡಲ್ಲಿ ಇದ್ದವರು. ಡ್ರಮ್ಸ್ ಮಾತ್ರ ಇನ್ನೂ ಮಷೀನ್.

ಆರು ವರ್ಷ ಆಯ್ತು. ಆಲ್ಬಂ ಇದೆ, ಕೇಳೋರಿದ್ದಾರೆ, "ನಿಮ್ಮ ಬ್ಯಾಂಡ್ ಎಲ್ಲಿ ನೋಡಬಹುದು?" ಅಂತ ಕೇಳಿದ್ರೆ ತೋರಿಸೋಕೆ ಬ್ಯಾಂಡೇ ಇಲ್ಲ. ತಮಾಷೆಗೆ ಹೇಳಿದ ಸುಳ್ಳು ಈಗ ಸಾಲಗಾರನ ಹಾಗೆ ಬಾಗಿಲಿಗೆ ಬಂದು ನಿಂತಿತ್ತು.

ಭಾಗ 9/11: 4 ಡಿಸೆಂಬರ್ 1993

ಹೈ ವಿಕೋಂಬ್ ಅನ್ನೋ ಊರು. ನ್ಯಾಗ್ಸ್ ಹೆಡ್ ಅನ್ನೋ ಪಬ್. ಸುಮಾರು 200 ಜನ. ಅವತ್ತು ಪೋರ್ಕುಪೈನ್ ಟ್ರೀ ಮೊದಲ ಸಲ ಜನರ ಮುಂದೆ ನುಡಿಸಿತು.

ವಿಲ್ಸನ್, ಎಡ್ವಿನ್, ಬಾರ್ಬಿಯೇರಿ. ಡ್ರಮ್ಸ್‌ಗೆ ಕ್ರಿಸ್ ಮೈಟ್‌ಲ್ಯಾಂಡ್. ಮೂವರೂ ವಿಲ್ಸನ್‌ಗೆ ಬೇರೆ ಕೆಲಸಗಳಿಂದ ಮೊದಲೇ ಗೊತ್ತಿದ್ದವರು. ಹಾಗಾಗಿ ಅಪರಿಚಿತರ ಜೊತೆ ಹೋಗಿ ನಿಂತ ಹಾಗಿರಲಿಲ್ಲ.

ಈ ಒಂದು ಸಂಜೆ ಬಗ್ಗೆ ನಾನು ಜಾಸ್ತಿ ಯೋಚನೆ ಮಾಡಿದ್ದೀನಿ. ಮಷೀನ್ ನುಡಿಸಿದ್ದನ್ನ ಮನುಷ್ಯ ನುಡಿಸೋದು ಅಂದ್ರೆ ಏನು? ನಮ್ಮ ಡ್ರಮ್ಸ್ ಹುಡುಗನ ಹತ್ರ ನನ್ನ ಹಾಡಿನ ಫೈಲ್ ಕೊಟ್ಟು ಕೇಳಿದೆ. ಅವನು ಕೇಳಿಸ್ಕೊಂಡು ನಕ್ಕ. "ಇಲ್ಲಿ ಹೈಹ್ಯಾಟ್, ಸ್ನೇರ್, ಎರಡು ಟಾಮ್ ನಾಲ್ಕೂ ಒಂದೇ ಸಲಕ್ಕೆ ಬರುತ್ತೆ. ನಂಗೇನು ನಾಲ್ಕು ಕೈ ಇದ್ಯಾ?" ಅಂದ. ಒಂದೂವರೆ ವರ್ಷ ನನಗೆ ಅದು ತಲೆಗೇ ಬಂದಿರಲಿಲ್ಲ. ಪರದೆ ಮೇಲೆ ಚೌಕ ಎಳೆದಿದ್ದೆ ಅಷ್ಟೇ, ಅದರ ಹಿಂದೆ ಒಂದು ಮೈ ಇದೆ ಅಂತ ಅನ್ಕೊಂಡಿರಲಿಲ್ಲ.

ಮನುಷ್ಯ ಡ್ರಮ್ಸ್ ಬಾರಿಸಿದ್ರೆ ಜೋರಾದ ಕಡೆ ಸ್ವಲ್ಪ ಓಡ್ತಾನೆ, ಮೆತ್ತಗಿನ ಕಡೆ ಸ್ವಲ್ಪ ಹಿಂದೆ ಬೀಳ್ತಾನೆ. ಹಾಡೋರು ಒಂದು ಸಾಲು ಮರೆತ್ರೆ ಅವನು ಇನ್ನೊಂದು ಸುತ್ತು ಬಾರಿಸ್ತಾ ಕಾಯ್ತಾನೆ. ಮಷೀನ್ ಕಾಯಲ್ಲ.

ತಾತ ಹೇಳಿದ ಸೊಲ್ಲು ಅಂದ್ರೆ ಇದೇ ತಾನೇ?

ಭಾಗ 10/11: ಅರ್ಧ ಒಂಟಿ, ಅರ್ಧ ಜಂಟಿ

ಒಂದು ಕಛೇರಿ ಕೊಟ್ಟ ಮಾತ್ರಕ್ಕೆ ಬ್ಯಾಂಡ್ ಆಗಿಬಿಡಲ್ಲ. 1995ರಲ್ಲಿ ಬಂದ 'ದಿ ಸ್ಕೈ ಮೂವ್ಸ್ ಸೈಡ್‌ವೇಸ್' ಆಲ್ಬಂ ಒಂಥರಾ ಅರ್ಧನಾರೀಶ್ವರ. ಕೆಲವು ಭಾಗ ವಿಲ್ಸನ್ ಒಬ್ಬರೇ ಮಾಡಿದ್ದು, ಕೆಲವು ಭಾಗ ಎಲ್ಲರೂ ಸೇರಿ. 'ಮೂನ್‌ಲೂಪ್' ಅನ್ನೋ ತುಣುಕು ಮೊದಲೇ ಬರೆದಿಟ್ಟದ್ದಲ್ಲ, ಒಟ್ಟಿಗೆ ಕೂತು ಮನೋಧರ್ಮದಲ್ಲಿ ನುಡಿಸ್ತಾ ಹುಟ್ಟಿದ್ದು. 1996ರ 'ಸಿಗ್ನಿಫೈ' ಹೊತ್ತಿಗೆ ಪೂರ್ತಿ ಬ್ಯಾಂಡಿನ ಆಲ್ಬಂ. 1997ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ನುಡಿಸಿದ್ದು 'ಕೋಮಾ ಡಿವೈನ್' ಅನ್ನೋ ಲೈವ್ ಆಲ್ಬಂ ಆಯ್ತು. ರೂಮಲ್ಲಿ ಹುಟ್ಟಿದ ಹಾಡುಗಳೇ ಅಲ್ಲಿ ಬೇರೆ ಜೀವ ಪಡೆದಿವೆ. ಎರಡನ್ನೂ ಒಂದಾದ ಮೇಲೊಂದು ಹೆಡ್‌ಫೋನ್ ಹಾಕಿ ಕೇಳಿ, ನಾನು ಹೇಳೋದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ.

ಎಲ್ಲ ಸುಖವಾಗೇ ಇತ್ತು ಅಂತಲ್ಲ. 2002ರಲ್ಲಿ ಮೈಟ್‌ಲ್ಯಾಂಡ್ ಬ್ಯಾಂಡ್ ಬಿಟ್ರು, ಗ್ಯಾವಿನ್ ಹ್ಯಾರಿಸನ್ ಬಂದ್ರು. 2010ರ ನಂತರ ಬ್ಯಾಂಡ್ ಹತ್ತು ವರ್ಷದ ಮೇಲೆ ಸುಮ್ಮನಾಯ್ತು. 2022ರಲ್ಲಿ ಹೊಸ ಆಲ್ಬಂ ಬಂದಾಗ ಮೂವರೇ ಇದ್ರು, ಎಡ್ವಿನ್ ಇರಲಿಲ್ಲ. ಬೇಸನ್ನ ವಿಲ್ಸನ್ನೇ ನುಡಿಸಿದ್ರು. 1987ರಲ್ಲಿ ತಮಾಷೆಗೆ ಶುರು ಮಾಡಿದವರ ಹೆಸರೇ ಕೊನೆಗೂ ಮುಂದೆ. ಹೆಸರು ಯಾರದ್ದು, ಕೊನೆ ಮಾತು ಯಾರದ್ದು ಅನ್ನೋ ಪ್ರಶ್ನೆ ಇಂಥ ಬ್ಯಾಂಡ್‌ಗಳಲ್ಲಿ ಯಾವತ್ತೂ ಪೂರ್ತಿ ಮುಗಿಯಲ್ಲ. ಹಿಮ್ಮೇಳದವರಿಗೂ ಹೊಟ್ಟೆ ಇದೆ, ಮನಸ್ಸಿದೆ. ಅದನ್ನ ಮರೆತ್ರೆ ಬ್ಯಾಂಡ್ ಒಡೆಯುತ್ತೆ. ಅಂತರಾಗ್ನಿ ನೆನಪಿದೆಯಲ್ಲ?

ಆದ್ರೆ ನನಗೆ ತುಂಬ ಇಷ್ಟ ಆದ ವಿಷಯ ಇನ್ನೊಂದು. 2005ರಲ್ಲಿ 'ಅಪ್ ದಿ ಡೌನ್‌ಸ್ಟೇರ್' ಆಲ್ಬಂನ ಮತ್ತೆ ಹೊರಗೆ ತಂದಾಗ ವಿಲ್ಸನ್ ಏನು ಮಾಡಿದ್ರು ಗೊತ್ತಾ? ಹನ್ನೆರಡು ವರ್ಷದ ಹಿಂದೆ ಮಷೀನ್ ಬಾರಿಸಿದ್ದ ಡ್ರಮ್ಸ್ ತೆಗೆದುಹಾಕಿ ಆ ಜಾಗದಲ್ಲಿ ಹ್ಯಾರಿಸನ್ ಹತ್ರ ಡ್ರಮ್ಸ್ ನುಡಿಸಿ ಸೇರಿಸಿದ್ರು. ಆಲ್ಬಂ ಆಗಲೇ ಹೆಸರು ಮಾಡಿತ್ತು, ಯಾರೂ ಬದಲಾಯಿಸಿ ಅಂದಿರಲಿಲ್ಲ. ಬ್ಯಾಂಡ್ ಜೊತೆ ಹನ್ನೆರಡು ವರ್ಷ ನಿಂತ ಕಿವಿಗೆ ಆ ಹಳೇ ಮಷೀನ್ ಸಾಕಾಗ್ಲಿಲ್ಲ ಅನ್ಸುತ್ತೆ.

ಭಾಗ 11/11: ನನ್ನ ಉತ್ತರ

ವಾರ ಮುಗೀತು. ಮೂವರಿಗೂ "ಹೂಂ" ಅಂದೆ.

ಹೋದ ಭಾನುವಾರ ಮೊದಲ ಪ್ರಾಕ್ಟೀಸ್ ಆಯ್ತು. ಜಾಗ, ಊರ ಹೊರಗೆ ನಮ್ಮ ಚಿಕ್ಕಪ್ಪನ ಪಂಪ್‌ಸೆಟ್ ಮನೆ. ಪಕ್ಕದಲ್ಲಿ ಚೆಂಡುಹೂವಿನ ಹೊಲ. ಕರೆಂಟ್ ಇದ್ದಷ್ಟು ಹೊತ್ತು ಕೀಬೋರ್ಡ್, ಹೋದ ಮೇಲೆ ಕೈಚಪ್ಪಾಳೆ.

ನನಗೆ ಭಯ ಇದ್ದ ಹಾಗೇ ಆಯ್ತು. ಹಾಡು ಕೆಡ್ತು. ಒಂಬತ್ತು ನಿಮಿಷದ್ದು ಹದಿಮೂರಾಯ್ತು, ಯಾಕಂದ್ರೆ ಏಳರ ಎಣಿಕೆ ಭಾಗದಲ್ಲಿ ಎಲ್ಲರೂ ದಾರಿ ತಪ್ಪಿ ಸುತ್ತು ಹೊಡೀತಾನೇ ಇದ್ವಿ. ಕೀಬೋರ್ಡ್ ಹುಡುಗಿ, "ಈ ಮಧ್ಯದ ಎರಡು ನಿಮಿಷ ಯಾಕಿದೆ?" ಅಂದಳು. ಕೋಪ ಬಂತು. ಉತ್ತರ ಹುಡುಕಿದೆ. ಇರಲಿಲ್ಲ. ತೆಗೆದ್ವಿ. ಒಂದೂವರೆ ವರ್ಷದಲ್ಲಿ ಆ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ, ಕೇಳೋಕೆ ಅಲ್ಲಿ ಯಾರಿದ್ರು?

ಆ ಎರಡು ನಿಮಿಷದ ಜಾಗಕ್ಕೆ ಈಗ ಒಂದು ಸಣ್ಣ ಸಾಲು ಬಂದಿದೆ. ಮೂವರೂ ಸೇರಿ ಹಾಡ್ತಾರೆ, ನಾನು ಸುಮ್ಮನಿರ್ತೀನಿ. ಅಷ್ಟರಲ್ಲಿ ನನಗೆ ಉಸಿರು ಸಿಗುತ್ತೆ, ಮುಂದಿನ ಭಾಗ ನೆನಪಾಗುತ್ತೆ. ನಮ್ಮಲ್ಲಿ ಅದಕ್ಕೆ ಸೊಲ್ಲು ಅಂತಾನೇ ಹೆಸರಿಟ್ಟಿದ್ದೀವಿ.

ಸಂಜೆ ತಾತ ಹೊಲಕ್ಕೆ ಬಂದಿದ್ರು. ಡ್ರಮ್ಸ್ ಸದ್ದಿಗೆ ಬೈತಾರೆ ಅಂದ್ಕೊಂಡಿದ್ದೆ. ಬದುವಿನ ಮೇಲೆ ಕೂತು ಪೂರ್ತಿ ಕೇಳಿಸ್ಕೊಂಡ್ರು. ಸೊಲ್ಲು ಬಂದ ಕಡೆ ತೊಡೆ ಮೇಲೆ ತಾಳ ಹಾಕಿದ್ರು, ಏಳರ ಎಣಿಕೆ ಬಂದಾಗ ನಿಲ್ಲಿಸಿದ್ರು. ಏಳುವಾಗ "ಇನ್ನೂ ಕೂಡ್ಬೇಕು" ಅಂದ್ರು ಅಷ್ಟೇ.

ಹೌದು, ಇನ್ನೂ ಕೂಡ್ಬೇಕು. ಮುಂದಿನ ಕಾಲೇಜ್ ಡೇಗೆ ಇನ್ನೂ ಹನ್ನೊಂದು ತಿಂಗಳಿದೆ.

ರೂಮಲ್ಲಿ ಒಬ್ಬರೇ ಹಾಡು ಮಾಡ್ಕೊಂಡು ಯಾರಿಗೂ ಕೇಳಿಸದೇ ಇಟ್ಕೊಂಡಿರೋರು ನಮ್ಮ ಕಡೆ ಎಷ್ಟು ಜನ ಇದ್ದೀರಿ? ಕಾಮೆಂಟ್‌ನಲ್ಲಿ ಕೈ ಎತ್ತಿ. ಪಂಪ್‌ಸೆಟ್ ಮನೇಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಪಿಟೀಲು ನುಡಿಸೋರಿದ್ರೆ ಬಸ್ ಚಾರ್ಜ್ ನಾವೇ ಕೊಡ್ತೀವಿ.



#ಗುಂಡ್ಲುಪೇಟೆ #ಚಾಮರಾಜನಗರ #ನೀಲಗಾರರು #ಸೊಲ್ಲು #ಪ್ರೊಗ್ರೆಸಿವ್ರಾಕ್ #ಕನ್ನಡಸಂಗೀತ